ಕಾಗೆ ಮುಟ್ಟಿದ ವಡಾ

ನನ್ನ ಗಂಡನ ಅಂಗೈ ದೊಡ್ಡದು. ನಮ್ಮ ಗಾಡಿಯ ವಡಾಕ್ಕೆ ಆ ಅಂಗೈಯೇ ಅಳತೆಯಾಗಿತ್ತು. ಕುದಿಸಿ ಹಿಸುಕಿ ಒಗ್ಗರಣೆ ಕೊಟ್ಟ ಬಟಾಟೆಯನ್ನು ಪಾತೇಲಿಯಿಂದ ಒಂದು ಸಲಕ್ಕೆ ಎಷ್ಟು ಬಾಚಿಕೊಳ್ಳುತ್ತಿದ್ದರೋ ಅಷ್ಟಕ್ಕೆ ಒಂದು ವಡಾ. ಅದನ್ನು ಉಂಡೆ ಮಾಡಿ, ತುಸು ಒತ್ತಿ, ಕಡಲೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದರು. ಗಾಡಿಯ ಮೇಲೆ ನಾವು ತಕ್ಕಡಿ ಇಟ್ಟವರೇ ಅಲ್ಲ. ಯಾವ ವಡಾ ತೆಗೆದು ಇನ್ನೊಂದರ ಪಕ್ಕ ಇಟ್ಟರೂ ಅವಳಿ ಹೆತ್ತಂತೆ ಇರುತ್ತಿದ್ದವು.

ಇಚಲಕರಂಜಿಯಲ್ಲಿ ಮಗ್ಗದ ಶೆಡ್ಡುಗಳ ನಡುವಿನ ಒಂದು ಸಂದಿಯಲ್ಲಿ ನಮ್ಮ ಗಾಡಿ ನಿಲ್ಲುತ್ತದೆ. ನನ್ನ ಗಂಡ ಮೊದಲು ಅದೇ ಸಂದಿಯ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದರು. ಮಾಲೀಕ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿದ ಮೇಲೆ ಗಾಡಿ ಹಚ್ಚಿದೆವು. ಶೆಡ್ಡಿನ ಸಪ್ಪಳದೊಳಗೆ ವರ್ಷಗಟ್ಟಲೆ ಇದ್ದವರಾದ್ದರಿಂದ ಗಾಡಿಯ ಮೇಲೂ ಜೋರಾಗಿಯೇ ಮಾತಾಡುತ್ತಿದ್ದರು. ಹೊಸಬರು ಜಗಳ ನಡೆದಿದೆ ಎಂದು ತಿಳಿಯುತ್ತಿದ್ದರು.

ವಡಾವನ್ನು ಬಟ್ಟಲಿಗೆ ಹಾಕಿ ಮೇಲೆ ಕೆಂಪಗಿನ ಖಾರದ ಸಾರು ಸುರಿದು ಕೊಡುವುದಕ್ಕೆ ಇಲ್ಲಿ ಕಟ್ ವಡಾ ಎನ್ನುತ್ತಾರೆ. ಆ ಸಾರೇ ಕಟ್. ವಡಾ ಅವರದು, ಕಟ್ ನನ್ನದು. ನನ್ನ ತವರು ಗಡಹಿಂಗ್ಲಜದ ಹತ್ತಿರದ ಹಳ್ಳಿ. ಅಲ್ಲಿ ಕನ್ನಡ ಶಾಲೆಯಲ್ಲಿ ಕಲಿತೆ, ಮುಂದೆ ಓದಲಿಲ್ಲ. ಪ್ರತಿ ವರ್ಷ ಸುಗ್ಗಿಯಲ್ಲಿ ಗಡಹಿಂಗ್ಲಜದ ಪೇಟೆಗೆ ಹೋಗಿ ಸಂಕೇಶ್ವರಿ ಮೆಣಸಿನಕಾಯಿ ತಂದು, ಉಳ್ಳಾಗಡ್ಡಿ ಬಳ್ಳೊಳ್ಳಿ ಹುರಿದು ಹಾಕಿ ವರ್ಷದ ಖಾರ ಕುಟ್ಟಿಸಿ ಇಡುತ್ತಿದ್ದೆ. ಕಟ್‌ನ ರುಚಿ ಆ ಖಾರದಿಂದಲೇ ಬರುತ್ತಿತ್ತು.

ಈ ಕಡೆಯ ರೂಢಿ ಏನೆಂದರೆ, ವಡಾಕ್ಕೆ ದುಡ್ಡು, ಕಟ್‌ಗೆ ಇಲ್ಲ. ತಿನ್ನುವವನ ಬಟ್ಟಲು ಅರ್ಧವಾಗುತ್ತಲೇ ಸೌಟು ತೆಗೆದುಕೊಂಡು ಹೋಗಬೇಕು. ಅವನು ಸಾಕು ಎನ್ನುವ ತನಕ ಹಾಕಬೇಕು. ನನ್ನ ಗಂಡ ಇದನ್ನು ಇನ್ನಷ್ಟು ಬಿಗಿ ಮಾಡಿದ್ದರು. ಗಿರಾಕಿ ಬಾಯಿಬಿಟ್ಟು ಕೇಳುವ ಮೊದಲೇ ಹಾಕಬೇಕು ಎನ್ನುತ್ತಿದ್ದರು. ಕೇಳಿಸಿಕೊಂಡು ಹಾಕಿದರೆ ನನ್ನ ಮೇಲೆ ರೇಗುತ್ತಿದ್ದರು. "ಬಟ್ಟಲಾ ಕೇಳತೈತಿ, ಕಾಣಂಗಿಲ್ಲೇನ?"

ನಮ್ಮ ಗಿರಾಕಿಗಳಲ್ಲಿ ಬಹಳ ಮಂದಿ ನಮ್ಮ ಹಾಗೆ ಕನ್ನಡ ಮಾತಾಡುವ, ಕರ್ನಾಟಕದ ಕಡೆಯಿಂದ ಬಂದ ಮಗ್ಗದವರು. ಅವರಲ್ಲಿ ಒಬ್ಬ ಹಿರಿಯರಿದ್ದರು. ಎಲ್ಲರಿಗೂ ಅವರು ಕಾಕಾ. ಮನೆಯಿಂದ ಜೋಳದ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಬಂದು, ಒಂದೇ ಒಂದು ಕಟ್ ವಡಾ ತೆಗೆದುಕೊಂಡು, ಗಾಡಿಯ ಪಕ್ಕ ಬೋರಲು ಹಾಕಿದ ಡಬ್ಬದ ಮೇಲೆ ಕೂರುತ್ತಿದ್ದರು. ರೊಟ್ಟಿ ಮುರಿದು ಕಟ್‌ನಲ್ಲಿ ನೆನೆಸಿ ತಿನ್ನುತ್ತಾ ಹೋಗುವುದು. ವಡಾ ಕಡೆಗೆ. ಅದು ಅವರ ಮಧ್ಯಾಹ್ನದ ಊಟ. ಅವರೊಬ್ಬರದೇ ಅಲ್ಲ, ಅರ್ಧ ಶೆಡ್ಡಿನ ಊಟವೂ ಹಾಗೆಯೇ ನಡೆಯುತ್ತಿತ್ತು.

"ಕಾಕಾ, ಇವತ್ತರ ದಂಡಿ ಕಾಣಸ್ತೈತೇನ್ರಿ?" ಎಂದು ನನ್ನ ಗಂಡ ಕಾಡುತ್ತಿದ್ದರು.

"ನೀ ಹೊಳಿ ಬಿಟ್ಟೀ ತಮ್ಮಾ, ನಾ ಏನ್ ಮಾಡ್ಲಿ. ಈಜಾಕ ಹತ್ತೇನಿ."

"ವಡಾ ಮುಳಗೀತ ನೋಡ್ರಿ ಮತ್ತ."

"ಮುಳಗಲಿ. ಕಡೀಕ ಮುಳಗಿ ತಗೀತೇನಿ."

ದಿನಾ ಇದೇ ಮಾತು. ದಿನಾ ನಗುತ್ತಿದ್ದರು.

ಆಮೇಲೆ ಎಲ್ಲ ತುಟ್ಟಿಯಾಗತೊಡಗಿತು. ಎಣ್ಣೆ ಏರಿತು, ಕಡಲೆ ಹಿಟ್ಟು ಏರಿತು, ಗಾಡಿಯ ಗ್ಯಾಸು ಏರಿತು. ಬೇಕರಿಯವನು ವಡಾದ ಜೊತೆ ಕೊಡುವ ಪಾವ್ ಬ್ರೆಡ್ಡಿನ ದರ ಏರಿಸಲಿಲ್ಲ, ಪಾವನ್ನೇ ಸಣ್ಣದು ಮಾಡಿದ. ಕೇಳಿದರೆ, "ಒಲಿಯೊಳಗ ಕುಗ್ಗತಾವ್ರಿ" ಎಂದ. ಮುಖ್ಯ ರಸ್ತೆಯ ಗಾಡಿಗಳಲ್ಲಿ ವಡಾ ನಿಂಬೆಹಣ್ಣಿನಷ್ಟಾದವು. ಕೊಲ್ಹಾಪುರದಲ್ಲಿ ಹೆಸರಾದ ಮಿಸಳ ಅಂಗಡಿಗಳಲ್ಲೂ ಎರಡನೆಯ ಸಲದ ಕಟ್‌ಗೆ ಬೇರೆ ದುಡ್ಡು ಎಂದು ಬೋರ್ಡು ಬಿತ್ತು. ನನ್ನ ಗಂಡ ಬೇರೆ ದಾರಿಯಿಲ್ಲದೆ ದರ ಏರಿಸಿದರು. ಏರಿಸಿದ ದಿನ ಬಂದವರಿಗೆಲ್ಲ ಕೈ ಮುಗಿದು ಹೇಳುತ್ತಿದ್ದರು. ಆದರೆ ಅಂಗೈ ಅದೇ ಇತ್ತು, ಸೌಟೂ ಅದೇ ಇತ್ತು.

ಅವರಿಗೆ ಕೆಮ್ಮು ಮೊದಲಿನಿಂದಲೂ ಇತ್ತು. ಹತ್ತಿಯ ಧೂಳು, ಆಮೇಲೆ ಎಣ್ಣೆಯ ಹೊಗೆ. ಹೋದ ವರ್ಷಕ್ಕಿಂತ ಹಿಂದಿನ ಚಳಿಗಾಲದಲ್ಲಿ ಅದು ಉಸಿರಿಗೆ ಬಂತು. ತೋರಿಸಲು ಕೊಲ್ಹಾಪುರಕ್ಕೆ ಹೋಗಿ ಬರತೊಡಗಿದೆವು. ಮಗಳು ಅಲ್ಲೇ ಒಂದು ಬರ್ಗರ್ ಅಂಗಡಿಯಲ್ಲಿ ಕೌಂಟರಿನ ಮೇಲೆ ಕೆಲಸ ಮಾಡುತ್ತಾಳೆ, ಗೆಳತಿಯರ ಜೊತೆ ಕೋಣೆ ಮಾಡಿಕೊಂಡಿದ್ದಾಳೆ. ಒಂದು ಸಲ ದವಾಖಾನೆಯಿಂದ ನೇರ ಅವಳ ಅಂಗಡಿಗೆ ಹೋದೆವು. ಒಳಗೆ ಎಸಿ ಇತ್ತು. ಟೋಪಿ ಹಾಕಿಕೊಂಡು ನಿಂತ ಮಗಳು ನಮ್ಮನ್ನೂ ಉಳಿದ ಗಿರಾಕಿಗಳ ಹಾಗೆ ಮರಾಠಿಯಲ್ಲೇ ಸ್ವಾಗತಿಸಿದಳು. ಆಮೇಲೆ ನಗೆ ತಡೆಯಲಾಗದೆ ಕೆಳಗೆ ನೋಡಿದಳು.

ನನ್ನ ಗಂಡ ಡಬ್ಬಿ ತೆಗೆದು ಬರ್ಗರನ್ನು ಅಂಗೈ ಮೇಲೆ ಇಟ್ಟುಕೊಂಡರು. ಗೋಡೆಯ ಮೇಲಿನ ದೊಡ್ಡ ಚಿತ್ರವನ್ನೊಮ್ಮೆ, ಕೈಯಲ್ಲಿದ್ದುದನ್ನೊಮ್ಮೆ ನೋಡಿದರು.

"ಗ್ವಾಡಿ ಮ್ಯಾಲ ಇದರ ಅಣ್ಣನ್ನ ಹಾಕ್ಯಾರ. ನಮಗ ತಮ್ಮನ್ನ ಕೊಟ್ಟಾರ ನೋಡು."

"ಅಪ್ಪಾ, ಸಾವಕಾಶ ಮಾತಾಡ. ಮ್ಯಾನೇಜರ್ ಅದಾನ" ಎಂದಳು ಮಗಳು. ಆಮೇಲೆ ಮೇಜು ಒರೆಸುವ ನೆವದಲ್ಲಿ ಬಂದು ಹೇಳಿದಳು. "ಮೊದಲ ಇದಕ್ಕ ಮೀಡಿಯಮ್ ಅಂತಿದ್ರು. ಈಗ ಇದನ್ನ ಲಾರ್ಜ್ ಅನ್ನಬೇಕು ಅಂತ ಮ್ಯಾಲಿಂದ ಬಂದೈತಿ."

"ಮ್ಯಾಲಿಂದ ಅಂದ್ರ?"

"ಹೆಡ್ ಆಫೀಸಪ್ಪಾ."

"ಅವ್ರಿಗೆ ಗಿರಾಕಿ ಬಂದು ಬೈಯಂಗಿಲ್ಲೇನ?"

"ಬೈತಾರ. ನನಗ ಬೈತಾರ."

ಅವರು ಆ ಬರ್ಗರಿನ ಅರ್ಧವನ್ನು ನನಗೆ ಕೊಟ್ಟರು. ಆಮೇಲೆ ಇಚಲಕರಂಜಿಯ ಬಸ್ಸು ಹತ್ತಿದೆವು. ಹಾತಕಣಂಗಲೆ ದಾಟಿದ ಮೇಲೆ, "ಆಕೀಗೆ ದಿನಾ ಬೈಸ್ಕೊಳ್ಳೂ ಕೆಲಸ ಆತಲ್ಲ" ಎಂದರು.

ಅವರು ಹಾಸಿಗೆ ಹಿಡಿದ ಮೇಲೆ ವಡಾ ಮಾಡುವ ಕೆಲಸ ನನಗೆ ಬಂತು. ನನ್ನ ಕೈ ಸಣ್ಣದು. ಒಂದು ಹಿಡಿಗೆ ಅಷ್ಟು ಬರುವುದಿಲ್ಲ, ಎರಡು ಹಿಡಿಗೆ ಹೆಚ್ಚಾಗುತ್ತದೆ. ಎರಡನೆಯ ಸಲ ತುಸುವೇ ತೆಗೆದು ಸೇರಿಸುತ್ತಿದ್ದೆ. ಆದರೂ ಒಂದು ದೊಡ್ಡದು ಒಂದು ಸಣ್ಣದು ಆಗುತ್ತಿದ್ದವು. ಒಬ್ಬ ಮರಾಠಿ ಹುಡುಗ ಎಲ್ಲರ ಎದುರು, "ವಹಿನಿ, ವಡಾ ಲಹಾನ್ ಝಾಲಾ ಕೀ" ಎಂದ. ವಡಾ ಸಣ್ಣದಾಯಿತಲ್ಲ ಅತ್ತಿಗೆ ಎಂದು. ಮನೆಗೆ ಬಂದು ಉಳಿದ ವಡಾಗಳನ್ನು ತೋರಿಸಿದರೆ ನನ್ನ ಗಂಡ ಒಂದೊಂದನ್ನೇ ಕೈಯಲ್ಲಿ ತೂಗಿ ನೋಡುತ್ತಿದ್ದರು. "ಇದು ವಡಾ. ಇದು ವಡಾದ ಮಗಳು. ಇದು ಮೊಮ್ಮಗಳು" ಎನ್ನುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತಿತ್ತು. ಆದ್ದರಿಂದ ನಾನು ತೋರಿಸುವುದನ್ನು ಬಿಟ್ಟೆ.

ಮಳೆಗಾಲ ಶುರುವಾದಾಗ ಕೊಲ್ಹಾಪುರದ ದವಾಖಾನೆಯಲ್ಲಿ ಅವರು ತೀರಿಕೊಂಡರು. ಬೆಳಗಿನ ಚಹಾ ತರಲು ನಾನು ಕೆಳಗೆ ಹೋಗಿದ್ದೆ. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಮೂರನೆಯ ದಿನ ಬೂದಿ ಹೊಳೆಗೆ ಬಿಟ್ಟು ಎಡೆ ಇಡುವುದು ನಮ್ಮಲ್ಲಿ ರೂಢಿ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಇಟ್ಟು ದೂರ ಸರಿದು ನಿಲ್ಲಬೇಕು. ಕಾಗೆ ಬಂದು ಮುಟ್ಟಿದರೆ ಅವರ ಮನಸ್ಸು ತಣ್ಣಗಿದೆ ಎಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು. ಆಗ ಉಳಿದವರು ಒಬ್ಬೊಬ್ಬರಾಗಿ ಅದು ಏನಿರಬಹುದು ಎಂದು ಊಹಿಸಿ ಗಟ್ಟಿಯಾಗಿ ಮಾತು ಕೊಡುತ್ತಾರೆ. ಸರಿಯಾದ ಮಾತು ಬಿದ್ದಾಗ ಕಾಗೆ ಇಳಿಯುತ್ತದೆ.

ನಾನು ಅನ್ನ, ಮೊಸರು, ಚಪಾತಿ, ಬಸಿ ತುಂಬ ಚಹಾ ಇಟ್ಟೆ. ಬೆಳಿಗ್ಗೆ ಎದ್ದು ಕರಿದ ವಡಾ ಇಟ್ಟೆ. ಅವರ ಅಳತೆಗೆ ಬರಬೇಕೆಂದು ಉಂಡೆಯನ್ನು ಮತ್ತೆ ಮತ್ತೆ ಒಡೆದು ಮಾಡಿದ್ದೆ. ಊರ ಹೊರಗಿನ ಪಂಚಗಂಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಘಾಟಿನ ಮೆಟ್ಟಿಲ ಪಕ್ಕದ ಆಲದ ಮರದ ಮೇಲೆ ಕಾಗೆಗಳು ಕೂತಿದ್ದವು. ಒಂದೂ ಇಳಿಯಲಿಲ್ಲ.

ನನ್ನ ಗಂಡನ ಅಣ್ಣ, ಭಾವ, ಮುಂದೆ ಹೋಗಿ ಕೈ ಮುಗಿದರು. "ತಮ್ಮಾ, ಮಗಳ ಚಿಂತಿ ಬಿಡು. ಆಕೀ ಲಗ್ನ ನಾ ನಿಂತು ಮಾಡತೇನಿ."

ಕಾಗೆಗಳು ಕತ್ತು ಕೂಡ ತಿರುಗಿಸಲಿಲ್ಲ. ಹಿಂದಿನಿಂದ ಯಾರೋ, "ಇವರ ಮಾತು ಕಾಗಿಗೂ ಖರೇ ಅನಸವಲ್ದು" ಎಂದು ಪಿಸುಗುಟ್ಟಿದರು.

ಮಗಳು, "ಅಪ್ಪಾ, ಅವ್ವನ್ನ ನಾ ನೋಡ್ಕೋತೇನಿ" ಎಂದಳು. ನಾನು, "ಗಾಡಿ ನಿಂದ್ರಸಂಗಿಲ್ರಿ, ನಾ ನಡಸ್ತೇನಿ" ಎಂದೆ. ಒಂದು ಕಾಗೆ ಮರದಿಂದ ಹಾರಿ ಕಟ್ಟೆಯ ಮೇಲೆ ಬಂದು ಕೂತಿತು. ಎಡೆಯ ಹತ್ತಿರ ಬರಲಿಲ್ಲ. ಮಳೆ ಹನಿಯತೊಡಗಿತು. ಚಪಾತಿ ಒದ್ದೆಯಾಯಿತು.

ಆಗ ಕಾಕಾ ಮುಂದೆ ಬಂದರು. ಗಂಟಲು ಸರಿ ಮಾಡಿಕೊಂಡು, ಗಾಡಿಯ ಮೇಲೆ ಮಾತಾಡಿದ ಹಾಗೆಯೇ ಮಾತಾಡಿದರು.

"ತಮ್ಮಾ, ಇಲ್ಲಿ ಕೇಳು. ವಡಾ ನಿನ್ನ ಕೈ ಅಳತೀದ ಇರತೈತಿ. ಯಾರೂ ಅದನ್ನ ಸಣ್ಣದ ಮಾಡಂಗಿಲ್ಲ. ಕಟ್‌ಗೆ ಯಾರೂ ರೊಕ್ಕಾ ಕೇಳಂಗಿಲ್ಲ. ಬಟ್ಟಲಾ ಖಾಲಿ ಇಡಂಗಿಲ್ಲ. ನಾ ಹೇಳಾಕತ್ತೇನಿ. ಬಾ, ಉಣ್ಣು."

ಕಾಗೆ ಕುಪ್ಪಳಿಸಿ ಇಳಿಯಿತು. ಅನ್ನಕ್ಕೆ ಬಾಯಿ ಹಾಕಲಿಲ್ಲ. ನೇರ ಹೋಗಿ ವಡಾ ಕಚ್ಚಿಕೊಂಡು ಹಾರಿತು.

ಹೆಂಗಸರು ಒಮ್ಮೆಲೇ ಅತ್ತರು. ಭಾವ ಕಣ್ಣೊರೆಸಿಕೊಂಡು, "ಕಾಕಾ, ನಿನ್ನ ಹೊಟ್ಟಿ ವ್ಯವಸ್ಥಾ ನೀ ಬರೋಬರಿ ಮಾಡ್ಕೊಂಡಿ ಬಿಡು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಕಾ ಕೊಟ್ಟ ಮಾತು ನನ್ನ ಮಾತೇ ಎಂದು ಆಗ ನನಗೆ ಅನಿಸಿತು. ಆ ಮಾತಿನಿಂದ ನನ್ನ ಗಂಡ ಎಲ್ಲೋ ಹತ್ತಿರದಲ್ಲೇ ಇದ್ದಾರೆ ಎಂದೂ ಅನಿಸಿತು.

ಗಾಡಿ ಮತ್ತೆ ಹಚ್ಚಿದೆ. ವಡಾ ಮಾಡುವಾಗ ಪ್ರತಿ ಸಲ ಅವರ ಅಂಗೈಯನ್ನು ನೆನೆಯುತ್ತಿದ್ದೆ. ಹೆಬ್ಬೆರಳ ಬುಡದಲ್ಲಿ ಒಂದು ಸುಟ್ಟ ಕಲೆ ಇತ್ತು. ಉಂಡೆ ಆ ಕಲೆಯ ತನಕ ಬರುತ್ತಿತ್ತು. ಕೆಲವು ದಿನಗಳಲ್ಲಿ ನನ್ನ ಕೈಗೂ ಅಳತೆ ಕೂತಿತು. ಒಂದೂವರೆ ಹಿಡಿ. ಮಗ್ಗದವರು ಒಪ್ಪಿಕೊಂಡರು. "ವಹಿನಿ, ಅಣ್ಣಾನ ವಡಾ ಬಂತು ನೋಡ್ರಿ" ಎಂದರು. ಆ ದಿನ ನಾನು ಮನೆಗೆ ಹೋಗಿ ಊಟ ಮಾಡಿದೆ.

ಆದರೆ ದರಗಳು ನಿಲ್ಲಲಿಲ್ಲ. ಸುಗ್ಗಿಯಲ್ಲಿ ಗಡಹಿಂಗ್ಲಜಕ್ಕೆ ಹೋದಾಗ ಸಂಕೇಶ್ವರಿಯ ದರ ಕೇಳಿ ಚೀಲ ಮಡಚಿಕೊಂಡು ನಿಂತೆ. ದರ ಹೇಳಿದವನು ನಾವು ಪ್ರತಿ ವರ್ಷ ಕಾಯಿ ಕೊಳ್ಳುತ್ತಿದ್ದ ವ್ಯಾಪಾರಿಯೇ.

"ಹೋದ ವರ್ಷ ಹಿಂಗಿದ್ದಿಲ್ಲಲ್ರಿ" ಎಂದೆ.

"ಹೋದ ವರ್ಷ ಹೋತಲ್ರಿ ಅಕ್ಕಾರ" ಎಂದ ಅವನು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ಹಣೆ ನೋಡಿ ಆಮೇಲೆ ಅವನಿಗೇ ಮುಜುಗರವಾಯಿತು. ಒಂದು ಹಿಡಿ ಹೆಚ್ಚಿಗೆ ಹಾಕಿದ. ಅರ್ಧ ಸಂಕೇಶ್ವರಿ, ಅರ್ಧ ಎಲ್ಲಿಯದೋ ಅಗ್ಗದ ಕಾಯಿ ತಂದೆ. ಕಟ್ ಕೆಂಪಗಾಯಿತು, ಆದರೆ ಘಮ ಬರಲಿಲ್ಲ.

ಇನ್ನೊಂದು ತೊಂದರೆ ನಾನು ಎಣಿಸಿರದ ಕಡೆಯಿಂದ ಬಂತು. ಸುತ್ತಲಿನ ಎಲ್ಲ ಗಾಡಿಗಳಲ್ಲಿ ಕಟ್‌ಗೆ ದುಡ್ಡು ಬಿದ್ದ ಮೇಲೆ, ಅಲ್ಲಿನ ರೊಟ್ಟಿಯ ಗಂಟುಗಳೆಲ್ಲ ನಮ್ಮ ಗಾಡಿಗೆ ಬಂದವು. ಮಗ್ಗಗಳು ಅರ್ಧ ದಿನ ನಿಲ್ಲುತ್ತಿದ್ದ ಕಾಲ. ಕೂಲಿ ಕಡಿಮೆಯಾಗಿತ್ತು. ಇಬ್ಬರು ಸೇರಿ ಒಂದು ವಡಾ ತೆಗೆದುಕೊಳ್ಳುವರು, ಬಟ್ಟಲು ಎರಡು ಕೇಳುವರು. ಯಾರನ್ನೂ ಬೇಡ ಎನ್ನುವ ಹಾಗಿರಲಿಲ್ಲ. ವಡಾ ಉಳಿಯುತ್ತಿದ್ದವು, ಕಟ್‌ನ ಪಾತೇಲಿ ಮಧ್ಯಾಹ್ನಕ್ಕೇ ತಳ ಕಾಣುತ್ತಿತ್ತು. ಗಾಡಿಯ ಮುಂದೆ ನಿಂತ ಗದ್ದಲ ನೋಡಿದವರು ಧಂದೆ ಜೋರಾಗಿದೆ ಎಂದು ತಿಳಿಯುತ್ತಿದ್ದರು.

ಮಗಳು ತನ್ನ ಪಗಾರದಿಂದ ಗ್ಯಾಸಿಗೆ ಕಳಿಸತೊಡಗಿದಳು. ಒಂದು ರಜೆಯಲ್ಲಿ ಬಂದು ಇಡೀ ದಿನ ಗಾಡಿಯ ಹಿಂದೆ ನಿಂತು ನೋಡಿದಳು. ಮುಂದಿನ ಸಲ ಬರುವಾಗ ಕೊಲ್ಹಾಪುರದಿಂದ ಹಿಡಿಕೆ ಒತ್ತಿದರೆ ಉಂಡೆ ಬೀಳುವಂಥ ಒಂದು ಸ್ಟೀಲಿನ ಚಮಚ ತಂದಳು. ಐಸ್‌ಕ್ರೀಮ್ ಅಂಗಡಿಯಲ್ಲಿ ಇರುವಂಥದ್ದು.

"ಇದರಾಗ ಎಷ್ಟು ಬರತೈತೋ ಅಷ್ಟ. ಒಂದ ಅಳತಿ. ಕಟ್ ಒಂದ ಸಲ. ಎರಡನೇದಕ್ಕ ರೊಕ್ಕಾ. ಬೋರ್ಡ್ ನಾ ಬರೀತೇನಿ."

"ನಿಮ್ಮಪ್ಪಗ ಮಾತು ಕೊಟ್ಟೈತಿ."

"ಯಾರು ಕೊಟ್ಟಾರ? ಕಾಕಾ ಕೊಟ್ಟಾರ. ಹಂಗಾರ ಎಣ್ಣೀನೂ ಕಾಕಾನ ತರಲಿ."

ನಾನು ಪಾತೇಲಿ ತಿಕ್ಕತೊಡಗಿದೆ.

"ಯವ್ವಾ, ನೀ ಗಾಡಿನೂ ನಡಸ್ತೇನಿ ಅಂದೀದಿ. ಎರಡೂ ಮಾತು ಕೂಡಿ ನಡಿಯಂಗಿಲ್ಲ ಬೇ. ಯಾವದರ ಒಂದು ಹಿಡಿ." ಅವಳ ದನಿ ಅಪ್ಪನದರಂತೆಯೇ ಜೋರು. ಆಮೇಲೆ ಮೆಲ್ಲಗೆ ಹೇಳಿದಳು. "ನಾನೂ ದಿನಾ ಅದನ್ನ ಮಾಡತೇನಿ. ಮೊದಲ ದಿವ್ಸ ಕೈ ಹಿಂದ ಸರೀತೈತಿ. ಆಮ್ಯಾಲ ಏನೂ ಆಗಂಗಿಲ್ಲ."

ಆ ಚಮಚವನ್ನು ಡಬ್ಬಿಯಲ್ಲಿ ಹಾಕಿಟ್ಟು ಬಹಳ ದಿನ ತಳ್ಳಿದೆ. ಕಡೆಗೊಂದು ದಿನ ಸಿಲಿಂಡರು ತರಲಾಗಲಿಲ್ಲ. ಗಾಡಿ ನಿಂತಿತ್ತು, ಒಲೆ ಹತ್ತಿರಲಿಲ್ಲ. ಮಗ್ಗದವರು ರೊಟ್ಟಿಯ ಗಂಟು ಹಿಡಿದು ಬಂದು, ನೋಡಿ ತಿರುಗಿ ಹೋದರು. ಮರುದಿನ ಡಬ್ಬಿಯಿಂದ ಚಮಚ ತೆಗೆದೆ. ಮಗಳು ಮರಾಠಿಯಲ್ಲಿ ಬರೆದಿಟ್ಟು ಹೋಗಿದ್ದ ಬೋರ್ಡನ್ನು ಕಟ್ಟಿದೆ.

ಕಾಕಾಗೆ ಮರಾಠಿ ಓದಲು ಬರುವುದಿಲ್ಲ. ಬಾಯಿಂದ ಹೇಳಬೇಕಿತ್ತು, ಆದರೆ ನನಗೆ ಬಾಯಿ ಬರಲಿಲ್ಲ. ಅವರು ಎಂದಿನ ಹಾಗೆ ಡಬ್ಬದ ಮೇಲೆ ಕೂತು ಅರಿವೆ ಬಿಚ್ಚಿದರು. ಬಟ್ಟಲಿನೊಳಗಿನ ವಡಾವನ್ನು ತುಸು ಹೊತ್ತು ನೋಡಿದರು. ರೊಟ್ಟಿ ಮುರಿದರು. ಮೊದಲ ರೊಟ್ಟಿಗೇ ಕಟ್ ಮುಗಿಯಿತು. ನಾನು ಸೌಟು ಹಿಡಿದು ಪಾತೇಲಿಯ ಹತ್ತಿರವೇ ನಿಂತಿದ್ದೆ. ಅವರು ಸೌಟನ್ನು ನೋಡಿದರು, ನನ್ನ ಮುಖ ನೋಡಲಿಲ್ಲ.

ಪಕ್ಕದಲ್ಲಿ ನಿಂತು ತಿನ್ನುತ್ತಿದ್ದವನೊಬ್ಬ, "ಕಾಕಾ, ಬೋರ್ಡ್ ಹಾಕ್ಯಾರ. ಎರಡನೇ ಕಟ್‌ಗೆ ರೊಕ್ಕಾ ಐತಿ" ಎಂದ.

"ಹೌದನೂ? ಹಾಕಬೇಕಿತ್ತು ಬಿಡು. ಆಕೀನರ ಏನ್ ಮಾಡತಾಳ."

ನಾನು ಸೌಟು ತುಂಬಿಕೊಂಡು ಓಡಿದೆ. "ನಿಮಗಲ್ರಿ ಕಾಕಾ. ನೀವು ತಗೊಳ್ರಿ."

ಅವರು ಬಟ್ಟಲಿನ ಮೇಲೆ ಅಂಗೈ ಮುಚ್ಚಿದರು. "ಬ್ಯಾಡ ಮಗಳ. ನನಗ ಹಾಕಿದ್ರ ಇವ್ರಿಗೆಲ್ಲಾ ಹಾಕಬೇಕಾಗತೈತಿ. ಅವತ್ತ ಮಾತಾಡಿದಾಂವ ನಾನು. ನಿನ್ನ ಕೊರಳಿಗೆ ಕಟ್ಟಿ ಬಂದೆ."

ಅವರು ಉಳಿದ ರೊಟ್ಟಿಯನ್ನು ಹಾಗೆಯೇ ಕಟ್ಟಿದರು. ವಡಾವನ್ನು ಬಾಯಿಗೆ ಹಾಕಿಕೊಂಡು ಎದ್ದರು. ಅದಕ್ಕೆ ಈಗ ಒಂದೇ ತುತ್ತು ಸಾಕಾಗುತ್ತಿತ್ತು. ಸಿಟ್ಟಾಗಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ.

ಮತ್ತೆ ಅವರು ಗಾಡಿಗೆ ಬರಲಿಲ್ಲ. ಶೆಡ್ಡಿನಲ್ಲೇ ಕೂತು ಹಸಿ ಖಾರ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಾರೆಂದು ಗೊತ್ತಾಯಿತು. ರೊಟ್ಟಿಯ ಗಂಟಿನವರು ಒಬ್ಬೊಬ್ಬರೇ ಕಡಿಮೆಯಾದರು. ಬಂದವರು ನಿಂತೇ ತಿಂದು ಹೋಗುತ್ತಾರೆ. ಗ್ಯಾಸು ನಿಲ್ಲದೆ ಬರುತ್ತಿದೆ. ಮಗಳು ಹೇಳಿದ್ದು ನಿಜ, ಕೈ ಮೊದಲ ದಿನವಷ್ಟೇ ಹಿಂದೆ ಸರಿಯಿತು. ಈಗ ಹಿಡಿಕೆ ಒತ್ತುತ್ತೇನೆ, ಉಂಡೆ ಬೀಳುತ್ತದೆ. ಸುಟ್ಟ ಕಲೆ ಎಡಗೈಯಲ್ಲಿತ್ತೋ ಬಲಗೈಯಲ್ಲಿತ್ತೋ ಎಂದು ಮೊನ್ನೆ ಬಹಳ ಹೊತ್ತು ಯೋಚಿಸಬೇಕಾಯಿತು.

ವರ್ಷದ ದಿನ ಬಂತು. ಮತ್ತೆ ಅದೇ ಘಾಟಿಗೆ ಹೋದೆವು. ಕೆಲವೇ ಜನ. ಭಾವ ಬಂದಿದ್ದರು. ಕಾಕಾಗೆ ಹೇಳಿ ಕಳಿಸಿರಲಿಲ್ಲ, ಆದರೂ ಬಂದು ಎಲ್ಲರ ಹಿಂದೆ ನಿಂತಿದ್ದರು.

ಆ ಬೆಳಿಗ್ಗೆ ವಡಾವನ್ನು ಕೈಯಿಂದ ಮಾಡಬಹುದಿತ್ತು. ಒಂದಕ್ಕೇನು ಖರ್ಚು ಬರುತ್ತಿತ್ತು? ಮಗಳೂ ಅದನ್ನೇ ಹೇಳಿದಳು. ಆದರೆ ನಾನು ಚಮಚದಿಂದಲೇ ಮಾಡಿದೆ. ಗಾಡಿಯ ಮೇಲೆ ಮಂದಿಗೆ ಕೊಡುವುದನ್ನೇ ಅವರಿಗೂ ಇಡಬೇಕು ಅನಿಸಿತು. ಅವರು ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಭಾವ ಮತ್ತೆ ಏನೇನೋ ಮಾತು ಕೊಡುತ್ತಾರೆ, ಕಾಗೆ ಇಳಿಯುವುದಿಲ್ಲ ಎಂದು ಎಣಿಸಿದ್ದೆ. ಆಗ ನಾನು ಮುಂದೆ ಹೋಗಿ ಗ್ಯಾಸಿನ ವಿಷಯ, ಮೆಣಸಿನಕಾಯಿಯ ವಿಷಯ, ಒಲೆ ಹತ್ತದ ಆ ದಿನದ ವಿಷಯ ಎಲ್ಲವನ್ನೂ ಅವರಿಗೆ ಹೇಳಬೇಕು. ಕೇಳಿದ ಮೇಲೆ ಬಂದರೆ ಬರಲಿ, ಬಿಟ್ಟರೆ ಬಿಡಲಿ. ಹೇಳುವ ಮಾತುಗಳನ್ನು ಬಸ್ಸಿನಲ್ಲಿ ಬರುವಾಗ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಎಲೆ ಕೆಳಗಿಟ್ಟು ನಾನಿನ್ನೂ ಪೂರ್ತಿ ಎದ್ದು ನಿಂತಿರಲಿಲ್ಲ. ಕಾಗೆ ನನ್ನ ಸೆರಗಿಗೆ ರೆಕ್ಕೆ ತಾಗಿಸಿಕೊಂಡೇ ಇಳಿಯಿತು. ವಡಾ ಕಚ್ಚಿಕೊಂಡು ಹೋಯಿತು.

"ಬೇಷಾತು" ಎಂದರು ಭಾವ. "ಲಗೂನ ಮುಟ್ಟೀತು. ತಮ್ಮ ತೃಪ್ತ ಅದಾನ."

ಎಲ್ಲರೂ ಕೈಕಾಲು ತೊಳೆಯಲು ಹೊಳೆಗೆ ಇಳಿದರು. ಕಾಕಾ ಮಾತ್ರ ಮರದ ಕಡೆ ನೋಡುತ್ತಾ ನಿಂತಿದ್ದರು.

"ಕಾಗಿಗೆ ಹಸಿವಿ ಆಗಿತ್ತ ಕಾಣಸ್ತೈತಿ, ಮಗಳ" ಎಂದರು.

ಹೌದು ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹಾಗೆಯೇ ಉಳಿದವು. ನನ್ನ ಗಂಡ ತುಸು ಹೊತ್ತಾದರೂ ಕಾಯಿಸುತ್ತಾರೆ ಅಂದುಕೊಂಡಿದ್ದೆ.